ಗಳಗನಾಥರ ತಲೆಹೊರೆಯೂ ನಿಮ್ಮ ಕೈಯ ಮೊಬೈಲೂ

ಕನ್ನಡದ ತರುಣರೇ,

ಹೊನ್ನಾವರದ ನಮ್ಮ ಪ್ರೆಸ್ಸಿನ ಹಿಂಬದಿ ಕೋಣೆಯಲ್ಲಿ, ಕಾಗದದ ರೀಮುಗಳ ಪಕ್ಕ ಏಳು ಕಟ್ಟು ಪುಸ್ತಕ ಬಿದ್ದುಕೊಂಡಿದ್ದವು. ಕಂದು ಕಾಗದ ಸುತ್ತಿ, ಸುತಳಿ ಬಿಗಿದ ಕಟ್ಟುಗಳು. ಒಂದೊಂದರಲ್ಲಿ ಐವತ್ತು ಪ್ರತಿ. ಮೂರು ಮಳೆಗಾಲವನ್ನು ಅವು ಅಲ್ಲೇ ಕಳೆದವು. ನಮ್ಮ ಕರಾವಳಿಯ ಮಳೆಗಾಲ ಎಂದರೆ ನಿಮಗೆ ಗೊತ್ತು. ಗೋಡೆ ಬೆವರುತ್ತದೆ, ಕಾಗದ ಉಬ್ಬುತ್ತದೆ, ರಟ್ಟಿನ ಮೇಲೆ ಬಿಳಿ ಬೂಷ್ಟು ಕೂರುತ್ತದೆ. ವಾರಕ್ಕೊಮ್ಮೆ ಆ ಕಟ್ಟುಗಳನ್ನು ಎತ್ತಿ ಮಗುಚಿಟ್ಟು, ಗೆದ್ದಲು ಹತ್ತಿದೆಯೋ ಎಂದು ನೋಡುವುದೇ ನನಗೊಂದು ಕೆಲಸವಾಗಿತ್ತು.

ಬರೆದವನು ನಮ್ಮ ತಾಲೂಕಿನ ಹುಡುಗ. ಬೆಂಗಳೂರಿನಲ್ಲಿ ನೌಕರಿ. ಹೆಸರು ಬೇಡ, ಅವನಂಥವರು ಊರಿಗೆ ಹತ್ತು ಜನ ಇದ್ದಾರೆ. ಕಥೆಗಳು ಕೆಟ್ಟವಲ್ಲ. ಪ್ರೂಫ್ ನೋಡಲು ಕುಳಿತವನು ತಪ್ಪು ಹುಡುಕುವುದನ್ನೇ ಮರೆತು ಓದುತ್ತ ಹೋಗಿದ್ದೆ. ಪ್ರೆಸ್ಸಿನವನಿಗೆ ಹೀಗಾಗುವುದು ಅಪರೂಪ.

ಬಿಡುಗಡೆ ಸಮಾರಂಭ ಜೋರಾಗಿಯೇ ನಡೆಯಿತು. ವೇದಿಕೆ ತುಂಬ ಅತಿಥಿಗಳು, ಶಾಲು, ಹಾರ, ಫಲತಾಂಬೂಲ. ಪುಸ್ತಕ ಓದದೇ ಬಂದವರು ಪುಸ್ತಕದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅದೇ ರಾತ್ರಿ ಫೇಸ್‌ಬುಕ್ಕಿನಲ್ಲಿ ಫೋಟೋ ಬಂತು. ಬೆಳಗಾಗುವುದರೊಳಗೆ ನಾನೂರು ಚಿಲ್ಲರೆ ಲೈಕು. 'ಅಭಿನಂದನೆಗಳು ಸರ್', 'ಶುಭವಾಗಲಿ', ಕೈಮುಗಿದ ಚಿತ್ರ, ಹೂವಿನ ಚಿತ್ರ. ಹುಡುಗ ಮೊಬೈಲು ಹಿಡಿದು ಓಡಿ ಬಂದು ನನಗೆ ತೋರಿಸಿದ. 'ಎಷ್ಟು ಪ್ರತಿ ಹೋಯ್ತು ತಮ್ಮಾ?' ಎಂದೆ. 'ದುಡ್ಡು ಕೊಟ್ಟು ತಗೊಂಡವರು ಹನ್ನೊಂದು ಜನ, ಅಣ್ಣಾ' ಎಂದ.

ಐನೂರು ಅಚ್ಚಾಗಿದ್ದವು. ನೂರೈವತ್ತು ಹೋದವು. ಅದರಲ್ಲಿ ಹೆಚ್ಚಿನವು 'ಗೌರವ ಪ್ರತಿ'. ಉಳಿದದ್ದು ನಮ್ಮ ಕೋಣೆಗೆ ಬಂತು.

ತಪ್ಪು ಅವನೊಬ್ಬನದಲ್ಲ, ನನ್ನದೂ ಇದೆ. 'ಎಷ್ಟು ಹೊಡೆದರೆ ಅಗ್ಗ?' ಎಂದು ಅವನು ಕೇಳಿದಾಗ, 'ಪ್ಲೇಟಿನ ಖರ್ಚು ಇನ್ನೂರಕ್ಕೂ ಅಷ್ಟೇ, ಐನೂರಕ್ಕೂ ಅಷ್ಟೇ, ಐನೂರೇ ಹೊಡಿ' ಎಂದವನು ನಾನು. ಆಫ್‌ಸೆಟ್ಟಿನ ಲೆಕ್ಕದಲ್ಲಿ ಅದು ಸರಿಯಾದ ಮಾತು. ಪ್ರತಿ ಹೆಚ್ಚಿದಂತೆ ಒಂದು ಪುಸ್ತಕಕ್ಕೆ ಬೀಳುವ ಖರ್ಚು ಇಳಿಯುತ್ತದೆ. ಆದರೆ ಮಾರಾಟವಾಗದ ಪುಸ್ತಕ ಎಷ್ಟು ಅಗ್ಗವಾದರೇನು? ಈಗ ಡಿಜಿಟಲ್ ಯಂತ್ರದಲ್ಲಿ ಐವತ್ತು, ನೂರು ಪ್ರತಿ ಮಾತ್ರ ತೆಗೆಯಬಹುದು. ಪ್ರತಿಯೊಂದಕ್ಕೆ ಖರ್ಚು ಹೆಚ್ಚು, ಆದರೆ ಕೈಯಿಂದ ಹೋಗುವ ಒಟ್ಟು ದುಡ್ಡು ಕಡಿಮೆ. ಅದು ಖಾಲಿಯಾದರೆ ಮತ್ತೆ ನೂರು. ಅಂದು ಇದನ್ನು ಹೇಳಬೇಕಿತ್ತು, ಹೇಳಲಿಲ್ಲ.

ಪೋದ ವರ್ಷದ ಮಳೆಗಾಲ ಮುಗಿದ ಮೇಲೆ ಹುಡುಗ ಫೋನ್ ಮಾಡಿದ. 'ಅಣ್ಣಾ, ಆ ಕಟ್ಟುಗಳನ್ನು ರದ್ದಿಗೆ ಹಾಕಿಬಿಡಿ. ನಿಮಗೂ ಜಾಗ ಆಗ್ತದೆ.'

ಈ ಸಂಪಾದಕೀಯ ಹುಟ್ಟಿದ್ದು ಆ ಒಂದು ಮಾತಿನಿಂದ. ಕನ್ನಡ ಪುಸ್ತಕವೊಂದು ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುವುದೆಂದರೆ ಏನು? 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಇಷ್ಟು ಜನರ ನಡುವೆ ಐನೂರು ಪ್ರತಿ ಕರಗುವುದಿಲ್ಲವೆಂದರೆ, ಅದು ಕನ್ನಡಿಗ ಓದುವುದಿಲ್ಲ ಎಂಬ ಮಾತಲ್ಲ. ಓದುವ ಕನ್ನಡಿಗನ ಮನೆ ಬಾಗಿಲಿಗೆ ಆ ಪುಸ್ತಕ ಹೋಗಲೇ ಇಲ್ಲ ಎಂಬ ಮಾತು.

ನಾಚಿಕೆ ಯಾಕೆ?

ನಮ್ಮ ಬರಹಗಾರರಿಗೆ ಒಂದು ವಿಚಿತ್ರ ರೋಗವಿದೆ. ಬರೆಯುವಾಗ ನಾಚಿಕೆ ಇಲ್ಲ, ಅಚ್ಚು ಹಾಕಿಸುವಾಗ ನಾಚಿಕೆ ಇಲ್ಲ, ಶಾಲು ಹೊದೆಯುವಾಗಲಂತೂ ಇಲ್ಲವೇ ಇಲ್ಲ. ಮಾರುವ ಹೊತ್ತಿಗೆ ಮಾತ್ರ ಎಲ್ಲಿಲ್ಲದ ನಾಚಿಕೆ! 'ನನ್ನ ಪುಸ್ತಕ ನಾನೇ ಹೇಗೆ ಹೊಗಳಿಕೊಳ್ಳಲಿ?', 'ಸಾಹಿತ್ಯ ವ್ಯಾಪಾರವಲ್ಲ' ಎಂಬ ದೊಡ್ಡ ಮಾತುಗಳು.

ನಮ್ಮ ಕಡೆಯ ಆಟದ ಮೇಳಗಳನ್ನು ನೋಡಿ ಕಲಿಯಿರಿ. ಹೊನ್ನಾವರದ ನೆಲ ಯಕ್ಷಗಾನದ ನೆಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ನೆಲ. ಹಿಂದೆ ಸಂಜೆ ಹೊತ್ತಿಗೆ ಆಟದ ಗದ್ದೆಯಲ್ಲಿ 'ಕೇಳಿ' ಬಡಿಯುತ್ತಿದ್ದರು. ಚಂಡೆಯ ಸದ್ದು ಸುತ್ತಲಿನ ಕೇರಿಗಳಿಗೆ ಮುಟ್ಟಿದರೆ ಇಂದು ರಾತ್ರಿ ಆಟ ಎಂದು ಅರ್ಥ. ಆಮೇಲೆ ಡೇರೆ ಮೇಳಗಳ ಕಾಲ ಬಂತು. ಜೀಪಿಗೆ ಮೈಕು ಕಟ್ಟಿ, ಕರಪತ್ರ ತೂರುತ್ತ ಊರೂರು ಸುತ್ತಿದರು. ಅಂಥ ಕರಪತ್ರ ಅಚ್ಚು ಹಾಕಿಯೇ ನಮ್ಮಂಥ ಪ್ರೆಸ್ಸುಗಳು ಬದುಕಿದ್ದು. ಕೇಳಿ ಬಡಿದರೆಂದು ಯಾವ ಭಾಗವತರ ಮರ್ಯಾದೆ ಹೋಯಿತು? ಯಾವ ವೇಷಧಾರಿ ಸಣ್ಣವನಾದ?

ಇನ್ನು ಸಾಹಿತ್ಯದವರ ಮಾತೇ ಬೇಕೆಂದರೆ ಗಳಗನಾಥರನ್ನು ನೆನೆಯಿರಿ. ಅವರ ನಿಜ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಹಾವೇರಿ ಸೀಮೆಯ ಗಳಗನಾಥದಲ್ಲಿ ಹುಟ್ಟಿದ ಶಾಲಾ ಮಾಸ್ತರರು. ಆಗ ಅವರ ಸೀಮೆಯೂ ನಮ್ಮ ಉತ್ತರ ಕನ್ನಡವೂ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಕಚೇರಿಯಲ್ಲಿ, ಶಾಲೆಯಲ್ಲಿ, ದೊಡ್ಡವರ ಮನೆಯಲ್ಲಿ ಮರಾಠಿಗೆ ಮಣೆ. ಕನ್ನಡದಲ್ಲಿ ಓದಲು ಏನಿದೆ ಎಂದು ಕನ್ನಡಿಗರೇ ಮೂಗು ಮುರಿಯುತ್ತಿದ್ದ ಕಾಲ. ಗಳಗನಾಥರು 'ಮಾಧವ ಕರುಣಾವಿಲಾಸ'ದಂಥ ಕಾದಂಬರಿ ಬರೆದರು. ಬರೆದು ಮನೆಯಲ್ಲಿ ಕೂರಲಿಲ್ಲ. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಮನೆ ಮನೆಯ ಕಟ್ಟೆಯ ಮೇಲೆ ಗಂಟು ಇಳಿಸಿ, ಕನ್ನಡ ಓದಿರಿ ಎಂದರು. 1942ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಭಾಗದಲ್ಲಿ ಕನ್ನಡ ಓದುವ ಒಂದು ತಲೆಮಾರೇ ಎದ್ದು ನಿಂತಿತ್ತು. ಗಡಿಯಲ್ಲಿ ಕನ್ನಡ ಉಳಿದದ್ದು ಬರಿಯ ಭಾಷಣದಿಂದ ಅಲ್ಲ, ಇಂಥ ತಲೆಹೊರೆಯಿಂದ.

ಜಿ.ಪಿ. ರಾಜರತ್ನಂ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. 'ರತ್ನನ ಪದಗಳು' ಬರೆದವರು. ಚೀಲದಲ್ಲಿ ಪುಸ್ತಕ ತುಂಬಿಕೊಂಡು ಹೋಗಿ, ಕಂಡವರ ಕೈಗೆ ಕೊಟ್ಟು ದುಡ್ಡು ಕೇಳಲು ಅವರಿಗೆ ಸಂಕೋಚವಿರಲಿಲ್ಲ. ತಮ್ಮನ್ನು ಸಾಹಿತ್ಯದ ಪರಿಚಾರಕ ಎಂದು ಕರೆದುಕೊಂಡರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿ, ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡರು. ಕೊಳ್ಳುವವನು ಯಾರು ಎಂದು ಮೊದಲೇ ಗೊತ್ತಿರಬೇಕು ಎಂಬ ಲೆಕ್ಕ ಅದು. ಪೂರ್ಣಚಂದ್ರ ತೇಜಸ್ವಿ 'ಪುಸ್ತಕ ಪ್ರಕಾಶನ' ಎಂದು ತಮ್ಮದೇ ಪ್ರಕಾಶನ ಇಟ್ಟುಕೊಂಡಿದ್ದರು. ನಮ್ಮ ಕಾಲದಲ್ಲೇ ವಸುಧೇಂದ್ರ, ಸಾಫ್ಟ್‌ವೇರ್ ನೌಕರಿಯಲ್ಲಿದ್ದಾಗಲೇ 'ಛಂದ ಪುಸ್ತಕ' ಹುಟ್ಟುಹಾಕಿ ತಮ್ಮ ಪುಸ್ತಕಕ್ಕೆ ತಾವೇ ಪ್ರಕಾಶಕರಾದರು. ಮುಂದೆ ಎಷ್ಟೋ ಹೊಸಬರ ಮೊದಲ ಪುಸ್ತಕವನ್ನೂ ಅದೇ ಪ್ರಕಾಶನ ತಂದಿತು.

ಇವರೆಲ್ಲ ಸಣ್ಣ ಲೇಖಕರೇ? ಇವರಿಗಿಲ್ಲದ ನಾಚಿಕೆ ನಿಮಗೆ ಯಾಕೆ?

ಮೊಬೈಲು ತಲೆಹೊರೆ, ಪಲ್ಲಕ್ಕಿ ಅಲ್ಲ

ಗಳಗನಾಥರಿಗೆ ಇಲ್ಲದ ಒಂದು ಸವಲತ್ತು ನಿಮಗಿದೆ. ಕುಳಿತಲ್ಲಿಂದಲೇ ಭಟ್ಕಳಕ್ಕೂ ಬೀದರಿಗೂ ಕಾಸರಗೋಡಿಗೂ ದುಬೈಗೂ ಮುಟ್ಟಬಹುದು. ಆದರೆ ನಮ್ಮವರು ಮೊಬೈಲನ್ನು ತಲೆಹೊರೆಯಂತೆ ಹೊರುವುದಿಲ್ಲ, ಪಲ್ಲಕ್ಕಿಯಂತೆ ಅದರಲ್ಲಿ ಕೂರುತ್ತಾರೆ. ಹೊರುವವರು ಬೇರೆಯವರಾಗಬೇಕು!

ಮೊದಲು ಈ ಯಂತ್ರದ ಗುಟ್ಟು ತಿಳಿಯಿರಿ. ಫೇಸ್‌ಬುಕ್ಕಿನ ಸ್ವಂತ ಖಾತೆಯಲ್ಲಿ 5000ಕ್ಕಿಂತ ಹೆಚ್ಚು ಸ್ನೇಹಿತರಿಗೆ ಅವಕಾಶವಿಲ್ಲ. ಅಷ್ಟು ಜನ ಇದ್ದರೂ ನೀವು ಹಾಕಿದ್ದು ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ಜನ ಯಾವುದರ ಮುಂದೆ ನಿಂತು ಓದುತ್ತಾರೋ, ಯಾವುದಕ್ಕೆ ಉತ್ತರ ಬರೆಯುತ್ತಾರೋ ಅದನ್ನೇ ಕಂಪನಿ ಇನ್ನಷ್ಟು ಜನರಿಗೆ ತೋರಿಸುತ್ತದೆ. ಮುಖಪುಟದ ಫೋಟೋವನ್ನು ಹತ್ತು ದಿನ ಹತ್ತು ಸಲ ಹಾಕಿದರೆ ಹನ್ನೊಂದನೆಯ ದಿನ ನಿಮ್ಮ ತಮ್ಮನೂ ನೋಡುವುದಿಲ್ಲ.

ವಾಟ್ಸಪ್ಪಿನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ. ಅದರಲ್ಲೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಒಂದು ಗುಂಪಿನಲ್ಲಿ 1024 ಜನ ಇರಬಹುದು. ಆದರೆ ಕುಲದೇವರ ಗುಂಪು, ಸೊಸೈಟಿಯ ಗುಂಪು, ಕ್ರಿಕೆಟ್ ಟೂರ್ನಿಯ ಗುಂಪು ಎಂದು ನೋಡದೆ ಎಲ್ಲ ಕಡೆ 'ನನ್ನ ಪುಸ್ತಕ ಕೊಳ್ಳಿ' ಎಂದು ಎಸೆದರೆ ಗುಂಪಿನಿಂದಲೇ ಹೊರಗೆ ಹಾಕುತ್ತಾರೆ. ಹಾಕಬೇಕಾದದ್ದೇ.

ಹಾಗಾದರೆ ಏನು ಮಾಡಬೇಕು? ರದ್ದಿಗೆ ಹಾಕಿ ಎಂದ ಹುಡುಗನಿಗೆ ನಾನು ಬೈದೆ. 'ರದ್ದಿ ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ನಾಲ್ಕು ತಿಂಗಳು ಗಂಟು ಹೊರು, ಆಮೇಲೆ ನೋಡುವ' ಎಂದೆ. ಅವನು ಮಾಡಿದ್ದು ಇಷ್ಟು.

ಮೊದಲನೆಯದು, ಶಾಲಿನ ಫೋಟೋ ತೆಗೆದುಹಾಕಿದ. ತನ್ನ ಕಥೆಯ ಎರಡು ನಿಮಿಷದ ತುಣುಕನ್ನು, ನಮ್ಮ ಕಡೆಯ ಮಾತಿನಲ್ಲೇ, ತಾನೇ ಓದಿ ಧ್ವನಿಮುದ್ರಣ ಮಾಡಿ ಹಾಕಿದ. ಕಥೆ ಗಟ್ಟಿ ಘಟ್ಟಕ್ಕೆ ಬಂದಾಗ ನಿಲ್ಲಿಸಿದ. 'ಮುಂದೆಂತ ಆಯ್ತು ಮಾರಾಯಾ?' ಎಂದು ಕೇಳಿದವರೆಲ್ಲ ಕೊಳ್ಳುವವರೇ.

ಎರಡನೆಯದು, ಯಾರಿಗೆ ಈ ಪುಸ್ತಕ ಎಂದು ಯೋಚಿಸಿದ. ಕಥೆಗಳಲ್ಲಿ ಶರಾವತಿ ಅಳಿವೆಯಿದೆ, ದೋಣಿಯಿದೆ, ಮೀನುಪೇಟೆಯಿದೆ. ಬೆಂಗಳೂರಿನ ವಿಮರ್ಶಕರ ಬಾಗಿಲು ಕಾಯುವುದು ಬಿಟ್ಟು, ಊರು ಬಿಟ್ಟು ಹೋದ ಹೊನ್ನಾವರ, ಕುಮಟಾ, ಭಟ್ಕಳದವರನ್ನು ಹುಡುಕಿದ. ತನ್ನ ಊರಿನ ಹೆಸರು ಪುಸ್ತಕದಲ್ಲಿ ಕಂಡರೆ ಬಿಡುವವನು ಯಾರು? ಗಜಾನನ ಶರ್ಮರ 'ಚೆನ್ನಭೈರಾದೇವಿ' ಕಾದಂಬರಿ ಗೇರುಸೊಪ್ಪೆಯ ರಾಣಿಯ ಕಥೆ. ಪಕ್ಕದಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗರು ಆ ರಾಣಿಯ ಹೆಸರನ್ನು ಹೆಮ್ಮೆಯಿಂದ ಹೇಳಲು ಕಲಿತದ್ದು ಅದನ್ನು ಓದಿದ ಮೇಲೆ. ಊರಿನ ಕಥೆಗೆ ಊರೇ ಮೊದಲ ಓದುಗ.

ಮೂರನೆಯದು, ಒಬ್ಬೊಬ್ಬರಿಗೂ ಹೆಸರು ಹಿಡಿದು ಬರೆದ. 'ಆತ್ಮೀಯರೇ' ಎಂದಲ್ಲ. 'ಮಾಸ್ತರ್ರೇ, ನೀವು ಏಳನೆತ್ತೆಯಲ್ಲಿ ಹೇಳಿದ ಮಾತು ಮೂರನೇ ಕಥೆಯಲ್ಲಿದೆ' ಎಂದು. ದಿನಕ್ಕೆ ಹತ್ತೇ ಜನ. ಇದೇ ತಲೆಹೊರೆ. ಬೆರಳಿಗೆ ನೋವಾಗುತ್ತದೆ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ.

ನಾಲ್ಕನೆಯದು, ಕೊಳ್ಳುವುದನ್ನು ಸುಲಭ ಮಾಡಿದ. 'ಪ್ರತಿಗಳಿಗೆ ಸಂಪರ್ಕಿಸಿ' ಎಂದು ಬರೆದು ಫೋನ್ ಎತ್ತದಿದ್ದರೆ ಯಾರು ಕಾಯುತ್ತಾರೆ? ಯುಪಿಐ ಬಂದದ್ದು 2016ರಲ್ಲಿ. ಇವತ್ತು ಮೀನು ಮಾರುವ ಅಕ್ಕನ ಬುಟ್ಟಿಯ ಮೇಲೂ ಕ್ಯೂಆರ್ ಚೀಟಿ ಇದೆ. ಬೆಲೆ ಎಷ್ಟು, ಅಂಚೆ ಖರ್ಚು ಎಷ್ಟು, ಎಲ್ಲಿಗೆ ದುಡ್ಡು ಹಾಕಬೇಕು, ಎಷ್ಟು ದಿನದಲ್ಲಿ ಮುಟ್ಟುತ್ತದೆ, ನಾಲ್ಕು ಸಾಲು ಸಾಕು. ಅಂಗಡಿಗೆ ಕೊಟ್ಟರೆ ಮೂವತ್ತು ನಲವತ್ತು ಪರ್ಸೆಂಟ್ ಕಮಿಷನ್ ಹೋಗುತ್ತದೆ, ದುಡ್ಡು ಬರುವುದಕ್ಕೆ ತಿಂಗಳುಗಟ್ಟಲೆ. ನೇರವಾಗಿ ಮಾರಿದರೆ ಅದು ನಿಮ್ಮ ಮುಂದಿನ ಪುಸ್ತಕದ ಕಾಗದದ ದುಡ್ಡು. ಹಾಗೆಂದು ಅಂಗಡಿಯನ್ನು ಬಿಡಬೇಡಿ. ಪುಸ್ತಕದಂಗಡಿ ಸತ್ತ ಊರಿನಲ್ಲಿ ಓದುಗ ಹುಟ್ಟುವುದಿಲ್ಲ.

ಒಂದು ಎಚ್ಚರಿಕೆ. ಕೇಳಿ ಬಡಿದು ಜನ ಸೇರಿಸಿ, ರಂಗಸ್ಥಳದಲ್ಲಿ ಆಟವೇ ಕೆಟ್ಟದಾದರೆ ಮುಂದಿನ ಸಲ ಯಾರೂ ಬರುವುದಿಲ್ಲ. ಕಾಗುಣಿತ ತಿದ್ದದ, ಆತುರದಲ್ಲಿ ಬರೆದ ಪುಸ್ತಕವನ್ನು ಎಷ್ಟು ತುತ್ತೂರಿ ಊದಿ ಮಾರಿದರೂ ಅದು ಮುಂದೆ ಬರುವ ಒಳ್ಳೆಯ ಲೇಖಕನ ಹೊಟ್ಟೆಯ ಮೇಲೆ ಹೊಡೆದಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ನಿಜ. ಓದುಗನಿಗೆ ಅಲ್ಲ.

ಕನ್ನಡ ಪುಸ್ತಕಕ್ಕೆ ಇಂಗ್ಲಿಷ್ ಅಕ್ಷರವೇ?

ಈಗ ಈ ಪತ್ರಿಕೆಯ ಓದುಗರಿಗೆ ಕಹಿಯಾಗುವ ಮಾತು.

ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕೆಂದು ನಾವು ಬೀದಿಗಿಳಿದೆವು. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಬಹಳ ಸಂತೋಷ. ನಿಮ್ಮ ಮೊಬೈಲಿನ ಪರದೆಯಲ್ಲಿ ಶೇಕಡಾ ಎಷ್ಟು ಕನ್ನಡವಿದೆ? 'ನನ್ನ ಹೊಸ ಪುಸ್ತಕ ಬಿಡುಗಡೆ' ಎಂದು ಕನ್ನಡದ ಲೇಖಕನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾನೆ! ಕನ್ನಡ ಲಿಪಿಯ ಪುಸ್ತಕಕ್ಕೆ ಕನ್ನಡ ಲಿಪಿ ಓದಲು ಬೇಸರಪಡುವ ಗಿರಾಕಿಯನ್ನು ಕರೆಯುವುದೆಂದರೆ ಏನು ಬುದ್ಧಿ? ಎಲ್ಲ ಫೋನಿನಲ್ಲೂ ಕನ್ನಡ ಕೀಲಿಮಣೆ ಇದೆ. ಟೈಪು ಬಾರದಿದ್ದರೆ ಬಾಯಲ್ಲಿ ಹೇಳಿದರೂ ಅದು ಬರೆದುಕೊಡುತ್ತದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಆಗಬಾರದು.

ಇಲ್ಲಿ ಪ್ರೆಸ್ಸಿನವರ ತಪ್ಪೂ ಇದೆ. ನಮ್ಮಲ್ಲಿ ಎಷ್ಟೋ ಜನ ಇನ್ನೂ ಪೇಜ್‌ಮೇಕರಿನಲ್ಲಿ, ಹಳೆಯ ನುಡಿ ಅಕ್ಷರಗಳಲ್ಲೇ ಪುಟ ಕಟ್ಟುತ್ತೇವೆ. ಕಾಗದದ ಮೇಲೆ ಅದು ಚಂದ. ಅದೇ ಕಡತದಿಂದ ಒಂದು ಪ್ಯಾರಾ ಎತ್ತಿ ಫೇಸ್‌ಬುಕ್ಕಿಗೆ ಹಾಕಿದರೆ ಅರ್ಥವಿಲ್ಲದ ಗೀಚು ಬರುತ್ತದೆ, ಯಾಕೆಂದರೆ ಅದು ಯುನಿಕೋಡ್ ಅಲ್ಲ. ಹುಡುಗರು ಬೇಸತ್ತು ಇಡೀ ಪುಟದ ಫೋಟೋ ಹೊಡೆದು ಹಾಕುತ್ತಾರೆ. ಫೋಟೋದೊಳಗಿನ ಅಕ್ಷರವನ್ನು ಹುಡುಕಿಕೊಂಡು ಬರುವವರಿಗೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಅಚ್ಚಿಗೆ ಕೊಡುವ ದಿನವೇ ಪ್ರೆಸ್ಸಿನವನ ಹತ್ತಿರ ಹಟ ಹಿಡಿದು ಯುನಿಕೋಡ್ ಕಡತವನ್ನೂ ಪಡೆಯಿರಿ. ಕೊಡುವುದಿಲ್ಲ ಎಂದರೆ ಪ್ರೆಸ್ಸು ಬದಲಿಸಿ. ನಾನೂ ಪ್ರೆಸ್ಸಿನವನೇ, ಆದರೂ ಹೇಳುತ್ತಿದ್ದೇನೆ.

ದೊಡ್ಡ ಕಂಪನಿಗಳು ಕನ್ನಡವನ್ನು ಹೇಗೆ ಕಂಡಿವೆ ಎಂಬುದನ್ನೂ ಮರೆಯಬೇಡಿ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್ ಭಾರತೀಯ ಭಾಷೆಗಳ ಇ-ಪುಸ್ತಕ ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ! ಬೆಂಗಳೂರಿನಲ್ಲಿ ಕಚೇರಿ, ಬೆಂಗಳೂರಿನ ನೀರು, ಬೆಂಗಳೂರಿನ ಜಾಗ. ಕನ್ನಡಕ್ಕೆ ಮಾತ್ರ ಬಾಗಿಲು ಮುಚ್ಚಿತ್ತು. ಬೇಡುತ್ತ ಕೂರದೆ ಕನ್ನಡದ ಹುಡುಗರೇ 2020ರಲ್ಲಿ 'ಮೈಲ್ಯಾಂಗ್' ಎಂಬ ಆ್ಯಪ್ ತಂದು ಕನ್ನಡದ ಇ-ಪುಸ್ತಕ, ಕೇಳುವ ಪುಸ್ತಕ ಎರಡನ್ನೂ ಮಾರಲು ನಿಂತರು. ಹೋರಾಟ ಎಂದರೆ ಇದೂ ಹೌದು.

ಸಣ್ಣ ಪರದೆಗೆ ಕನ್ನಡ ಒಗ್ಗುವುದಿಲ್ಲ ಎನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. 1909ರಲ್ಲಿ ಹುಟ್ಟಿ 1982ರಲ್ಲಿ ತೀರಿಕೊಂಡ ದಿನಕರ ದೇಸಾಯಿಯವರು ತಮ್ಮ 'ಜನಸೇವಕ' ಪತ್ರಿಕೆಯಲ್ಲಿ ನಾಲ್ಕೇ ಸಾಲಿನ ಚೌಪದಿ ಬರೆದರು. ಬಸ್‌ಸ್ಟ್ಯಾಂಡಿನಲ್ಲಿ, ಚಾದಂಗಡಿಯಲ್ಲಿ, ಕೋರ್ಟಿನ ಜಗಲಿಯಲ್ಲಿ ಅದು ಬಾಯಿಂದ ಬಾಯಿಗೆ ಹೋಯಿತು. ಆಗ ಫಾರ್ವರ್ಡ್ ಗುಂಡಿ ಇರಲಿಲ್ಲ, ನಾಲಿಗೆ ಇತ್ತು. ನಾಲ್ಕು ಸಾಲು ಚುರುಕಾಗಿದ್ದರೆ ಅದು ತಾನೇ ನಡೆಯುತ್ತದೆ.

ಬಿಟ್ಟಿ ಪ್ರತಿ, ಕಳ್ಳ ಪ್ರತಿ

'ನಂಗೊಂದು ಪ್ರತಿ ಕೊಡು ಮಾರಾಯಾ, ಓದಿ ಹೇಳ್ತೆ' ಎನ್ನುವವರ ಮುಂದೆ ಕೈ ಕಟ್ಟಿ ನಿಲ್ಲಬೇಡಿ. ಸ್ನೇಹಿತ ಹೊಸ ಹೋಟೆಲು ಇಟ್ಟರೆ ದಿನಾ ಬಿಟ್ಟಿ ಊಟ ಕೇಳುತ್ತೀರಾ? ಬಿಟ್ಟಿ ಬಂದ ಪುಸ್ತಕ ಕಪಾಟಿಗೆ ಹೋಗುತ್ತದೆ, ದುಡ್ಡು ಕೊಟ್ಟದ್ದು ಕೈಯಲ್ಲಿ ಉಳಿಯುತ್ತದೆ. ಅಭಿಪ್ರಾಯ ಬರೆಯುವ ನಾಲ್ಕು ಜನ ನಿಜವಾದ ಓದುಗರಿಗೆ ಕೊಡಿ, ಊರಿನ ಗ್ರಂಥಾಲಯಕ್ಕೆ ಕೊಡಿ. ಅಲ್ಲಿಗೆ ಸಾಕು.

ಇನ್ನೊಂದು ಪಿಡಿಎಫ್ ಕಳ್ಳತನ. ಬದುಕಿರುವ ಲೇಖಕನ ಹೊಸ ಪುಸ್ತಕವನ್ನು ಸ್ಕ್ಯಾನ್ ಮಾಡಿ ಟೆಲಿಗ್ರಾಮಿನಲ್ಲಿ, ವಾಟ್ಸಪ್ಪಿನಲ್ಲಿ ಹರಿಯಬಿಡುತ್ತಾರೆ. 'ಕನ್ನಡ ಬೆಳೆಯಲಿ ಅಂತ ಹಂಚಿದೆ' ಎನ್ನುತ್ತಾರೆ! ಕೃತಿಸ್ವಾಮ್ಯದ ಕಾನೂನು 1957ರಿಂದ ಇದೆ. ಕಾನೂನು ಒತ್ತಟ್ಟಿಗಿರಲಿ, ಮನಸ್ಸಾಕ್ಷಿ ಎಲ್ಲಿದೆ? ಹಾಗೆ ಹಂಚುವವನ ಡಿಪಿಯಲ್ಲಿ ಹಳದಿ ಕೆಂಪು ಬಾವುಟ ಬೇರೆ. ಕನ್ನಡದ ಲೇಖಕನ ಅನ್ನಕ್ಕೆ ಕಲ್ಲು ಹಾಕುವವನು ಎಂಥ ಕನ್ನಡಾಭಿಮಾನಿ?

ಸರಕಾರ, ಅಂಚೆ ಮತ್ತು ನಾವು

ಸರಕಾರವನ್ನು ನೆಚ್ಚಿಕೊಂಡು ಅಚ್ಚು ಹಾಕಿಸುವವರೂ ಇದ್ದಾರೆ. ಗ್ರಂಥಾಲಯ ಇಲಾಖೆ ಆಯ್ಕೆ ಮಾಡಿದರೆ 300 ಪ್ರತಿ ಕೊಳ್ಳುತ್ತದೆ. ಒಳ್ಳೆಯದೇ. ಆದರೆ ಆಯ್ಕೆ ಪಟ್ಟಿ ಬರುವುದಕ್ಕೂ ಹಣ ಕೈ ಸೇರುವುದಕ್ಕೂ ವರ್ಷಗಟ್ಟಲೆ ಕಾದು ಪ್ರಕಾಶಕರು ಬೀದಿಗೆ ಬಂದದ್ದುಂಟು. ನಮ್ಮ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನು ತಪ್ಪದೆ ವಸೂಲು ಮಾಡುವವರು ಪುಸ್ತಕ ಕೊಳ್ಳಲು ಮೀನಮೇಷ ಎಣಿಸುವುದೇಕೆ? ಇದನ್ನು ಕೇಳಲೇಬೇಕು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಹೊಸಬರು ಅರ್ಜಿ ಹಾಕಿ. ಐಎಸ್‌ಬಿಎನ್ ಸಂಖ್ಯೆಗೆ ಸರಕಾರ ದುಡ್ಡು ತೆಗೆದುಕೊಳ್ಳುವುದಿಲ್ಲ, ದಲ್ಲಾಳಿಗಳಿಗೆ ಕೊಟ್ಟು ಮೋಸ ಹೋಗಬೇಡಿ.

ಅಂಚೆಯ ಕಥೆ ಇನ್ನೊಂದು. ಕಡಿಮೆ ದರದಲ್ಲಿ ಪುಸ್ತಕ ಒಯ್ಯುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಸದ್ದಿಲ್ಲದೆ ನಿಲ್ಲಿಸಿತು. ಹಳ್ಳಿಯ ಓದುಗನಿಗೆ ಪುಸ್ತಕ ಕಳಿಸುವವರ ಬೆನ್ನು ಮುರಿಯಿತು. ದೇಶದೆಲ್ಲೆಡೆ ಕೂಗು ಎದ್ದ ಮೇಲೆ 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂತು. ಆರಂಭದ ದರದಂತೆ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು. ಕಥಾ ಸಂಕಲನವೊಂದು ಸಾಮಾನ್ಯವಾಗಿ 300 ಗ್ರಾಂ ಒಳಗೇ ಇರುತ್ತದೆ. ಎಷ್ಟೋ ಲೇಖಕರಿಗೆ ಈ ಸೇವೆ ಇರುವುದೇ ಗೊತ್ತಿಲ್ಲ. ಹತ್ತಿರದ ಅಂಚೆ ಕಚೇರಿಗೆ ಹೋಗಿ ಕನ್ನಡದಲ್ಲೇ ಕೇಳಿ.

ಕೊನೆಯ ಮಾತು ನಮ್ಮ ಹೋರಾಟದ ಗೆಳೆಯರಿಗೆ. 2017ರಲ್ಲಿ 'ನಮ್ಮ ಮೆಟ್ರೋ ಹಿಂದಿ ಬೇಡ' ಎಂದು ನೀವು ಮೊಬೈಲಿನಿಂದಲೇ ಎಬ್ಬಿಸಿದ ಅಲೆಗೆ ಬೆಂಗಳೂರಿನ ಮೆಟ್ರೋ ನಿಲ್ದಾಣಗಳ ಹಿಂದಿ ಫಲಕಗಳು ಇಳಿದವು. ಆ ಬೆರಳಿಗೆ ಅಷ್ಟು ಶಕ್ತಿಯಿದೆ. ಹಿಂದಿ ಫಲಕ ಇಳಿಸಿದ ಬೆರಳು ಕನ್ನಡ ಪುಸ್ತಕ ಏರಿಸಲಾರದೇ? ಬೇಡದ್ದನ್ನು ಬೇಡ ಎನ್ನುವುದು ಅರ್ಧ ಹೋರಾಟ. ಬೇಕಾದ್ದನ್ನು ದುಡ್ಡು ಕೊಟ್ಟು ಉಳಿಸಿಕೊಳ್ಳುವುದು ಉಳಿದರ್ಧ.

ಈ ಪತ್ರಿಕೆ ಹಂಚುವ ಪ್ರತಿ ಘಟಕಕ್ಕೂ ನಮ್ಮದೊಂದು ಕೋರಿಕೆ. ಬರುವ ರಾಜ್ಯೋತ್ಸವಕ್ಕೆ ಡಿಜೆಗೆ, ಫ್ಲೆಕ್ಸಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ತೆಗೆದಿಡಿ. ನಿಮ್ಮ ತಾಲೂಕಿನ ಒಬ್ಬ ಹೊಸ ಲೇಖಕನ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳಿ. ಓದಿ. ಓದಿದ್ದು ಹಿಡಿಸಿದರೆ ಕನ್ನಡ ಅಕ್ಷರದಲ್ಲಿ ಹತ್ತು ಸಾಲು ಬರೆದು ನಿಮ್ಮ ಗುಂಪಿಗೆ ಹಾಕಿ. ಹಿಡಿಸದಿದ್ದರೆ ಅದನ್ನೂ ಲೇಖಕನಿಗೆ ನೇರವಾಗಿ ಹೇಳಿ. 'ಅಭಿನಂದನೆಗಳು ಸರ್' ಎಂಬ ಸುಳ್ಳು ಮಾತ್ರ ಬೇಡ.

ನಮ್ಮ ಪ್ರೆಸ್ಸಿನ ಕೋಣೆಯ ಸುದ್ದಿ ಹೇಳಿ ಮುಗಿಸುತ್ತೇನೆ. ನಾಲ್ಕು ತಿಂಗಳಲ್ಲಿ ಏಳು ಕಟ್ಟಿನಲ್ಲಿ ಮೂರು ಹೋದವು. ಇದನ್ನು ಬರೆಯುವ ಹೊತ್ತಿಗೆ ನಾಲ್ಕನೆಯದರ ಸುತಳಿ ಬಿಚ್ಚಿದ್ದೇನೆ. ಇನ್ನೂ ಮೂರು ಹಾಗೆಯೇ ಇವೆ. ಜೂನ್ ಹತ್ತಿರ ಬರುತ್ತಿದೆ. ಮಳೆ ಹಿಡಿಯುವುದರೊಳಗೆ ಅವೂ ಹೋಗಬೇಕು.

ಗಂಟು ಹೊರಲು ತಲೆ ಬೇಕಾಗಿದೆ. ಬನ್ನಿ.